ಸುಗ್ಗಿ ಹಬ್ಬದ ಕೀರ್ತನೆ

ಗೋಕುಲ ರಸ್ತೆ, ಹುಬ್ಬಳ್ಳಿ

ಮಾನ್ಯ ಸಭಾಪಾಲಕರಿಗೆ ಎಸ್ತೇರ್ ಹಂಚಿನಮನಿ ಮಾಡುವ ವಂದನೆಗಳು.

ಸುಗ್ಗಿ ಹಬ್ಬದ ಆರಾಧನೆಯಲ್ಲಿ ಕೀರ್ತನೆ ಓದುವವರು ಯಾವಾಗಲೂ ನಮ್ಮ ಯಜಮಾನರು. ಲಕವಾ ಹೊಡೆದ ಮೇಲೆ ಅವರ ಮಾತು ತೊದಲುತ್ತದೆಂದು ತಾವು ಈ ಸಲ ಬೇರೆಯವರಿಗೆ ಹೇಳಿದ್ದೀರಿ. "ಅವರಿಗೆ ತ್ರಾಸ ಆಗ್ತೈತ್ರಿ ಅಮ್ಮಾರ" ಎಂದಿರಿ. ತ್ರಾಸ ಅವರಿಗೋ, ಕೇಳುವವರಿಗೋ?

ಇನ್ನು ಮಾತೇ ಬರುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಇವರು ಮಾತ್ರ ದಿನಾ ಬೆಳಿಗ್ಗೆ ಬೈಬಲ್ ತೆರೆದು ಕೂತರು. ಈಗ ಕೀರ್ತನೆಯನ್ನು ಪೂರ್ತಿ ಓದುತ್ತಾರೆ. ನಾನು ಒಂದು ಪದ ಎತ್ತಿಕೊಟ್ಟರೂ, "ತಡಿ, ನಾನ ಅಂತೇನಿ" ಎಂದು ಗದರುತ್ತಾರೆ. ದೇವರು ಅವರ ಕೈ ಬಿಡಲಿಲ್ಲ, ಸಭೆ ಬಿಡುವುದೇ?

ಮೈಕಿನ ಹತ್ತಿರ ಕೈಯಿರುವ ಕುರ್ಚಿ ಹಾಕಿಸಿರಿ. ಹೊತ್ತಾಗುವುದಾದರೆ ತಮ್ಮ ಪ್ರಸಂಗ ಚಿಕ್ಕದು ಮಾಡಿರಿ.

ಕರ್ತನಲ್ಲಿ ತಮ್ಮ,
ಎಸ್ತೇರ್