ಹೇಳಬಾರದ ಮನೆಯಲ್ಲಿ ಹೇಳಿದ್ದು

ಅಮ್ಮ,

ನಿನಗೆ ಒಳ್ಳೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ದೊಡ್ಡ ಕುಕ್ಕರಿನಲ್ಲಿ ಉಪ್ಪಿಟ್ಟು ಮಾಡಿ ಒಯ್ದಿದ್ದೇನೆ. ಗಂಟುಗಂಟಾಗಿದೆ, ಯಾರಿಗೂ ಹೇಳಬೇಡ. ಮಗ್ಗದ ಶೆಡ್ಡಿನ ಗೋಡೆ ಬಿದ್ದಾಗಿನಿಂದ ಆ ಬೀದಿಯಲ್ಲಿ ಒಬ್ಬರೂ ಒಲೆ ಹಚ್ಚಿಲ್ಲ. ಇವತ್ತೂ ನಮ್ಮ ಫುಟ್‌ಬಾಲ್ ಟೀಮಿನವರೇ ಊಟ, ನೀರು ಕೊಡಬೇಕು.

ಮಧ್ಯಾಹ್ನಕ್ಕೆ ಅನ್ನ, ಸಾರು ಮಾಡಿಡು. ಖಾರ ಕಡಿಮೆ ಇರಲಿ. ಸೂರಜ್ ಬಂದು ಒಯ್ಯುತ್ತಾನೆ. ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಬಡಿಸು. ನಮ್ಮ ಗೋಲ್‌ಕೀಪರ್ ಲೋಗನಾಥನ್ ಆ ಗೋಡೆಯಡಿ ಸಿಕ್ಕಿ ಹೋದ ಮೇಲೆ ಅವನು ಸರಿಯಾಗಿ ಉಂಡೇ ಇಲ್ಲ.

ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ.

ನಿನ್ನೆಯದಕ್ಕೆ ಇನ್ನು ಬೈಯಬೇಡಮ್ಮ. ಸಾವಿನ ಮನೆಯಿಂದ ಹೇಳದೆ ಎದ್ದು ಬರಬೇಕು ಅನ್ನುವುದು ನನಗೂ ಗೊತ್ತು. ಆದರೆ ಪ್ರತಿ ಭಾನುವಾರ ಆಟ ಮುಗಿಸಿ ಲೋಗನಾಥನ ಮನೆಯಲ್ಲಿ ನೀರು ಕುಡಿದು, ಅವನ ಅಜ್ಜಿ ಸುಬ್ಬಾತಾಳ್‌ಗೆ "ಪೋಯಿಟ್ಟು ವರೇನ್ ಪಾಟಿ" ಅಂತ ಹೇಳಿಯೇ ಹೊರಡುತ್ತಿದ್ದವನು ನಾನು. ನಿನ್ನೆಯೂ ಅದೇ, ಹೋಗಿ ಬರ್ತೀನಿ ಅಂತ, ಬಾಯಿಗೆ ಬಂದುಬಿಟ್ಟಿತು. ಕೂತವರೆಲ್ಲ ತಲೆ ತಗ್ಗಿಸಿದರು. ನೀನು ನನ್ನ ತೋಳು ಚಿವುಟಿ, ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನಡೆದೆ.

ಆಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಅವನ ಗ್ಲೌಸು ಅಜ್ಜಿಯ ಮಡಿಲಲ್ಲೇ ಇತ್ತು. ನನ್ನ ಮುಖ ನೋಡಿ, "ವಾ ಕಣ್ಣು, ನಾಳೈಕ್ಕುಂ ವಾ" ಅಂದರು. ಬಾ ಮಗು, ನಾಳೆಯೂ ಬಾ ಅಂತ. ಗೋಡೆ ಬಿದ್ದ ಮೇಲೆ ಅವರು ಆಡಿದ ಮೊದಲ ಮಾತು ಅದಂತೆ.

ಟೀಮಿನವರಿಗೆಲ್ಲ ತಿಳಿಸಿದ್ದೇನೆ. ಇವತ್ತು ಹೊರಡುವಾಗ ಒಬ್ಬೊಬ್ಬರೂ ಹೇಳಿಯೇ ಬರುತ್ತೇವೆ.

ನಿಶಾಂತ್