ತುಟಿ ಕಚ್ಚಿದ್ದಕ್ಕೆ ತೀರ್ಪು

ಪುರಸಭೆಯ ಟ್ರೂಕೋ ಇಸ್ಪೀಟು ಪಂದ್ಯಾವಳಿಯ ಅಧ್ಯಕ್ಷರೇ,

ಸೆಮಿಫೈನಲ್ ಗೆದ್ದ ಮೇಲೆ, ಸುಳ್ಳು ಸನ್ನೆ ಮಾಡಿದೆನೆಂದು ನನ್ನನ್ನೂ ನನ್ನ ಅಕ್ಕ ಎರ್ಸಿಲಿಯಾಳನ್ನೂ ಆಟದಿಂದ ಹೊರಹಾಕಿದ್ದೀರಿ. ಬಹಳ ಸಂತೋಷ. ಆದರೆ ನನ್ನ ಬಾಯಿ ಈಗ ನನ್ನ ಮಾತನ್ನೇ ಕೇಳುವುದಿಲ್ಲ, ಇನ್ನು ನಿಮ್ಮ ನಿಯಮಾವಳಿಯನ್ನು ಎಲ್ಲಿ ಕೇಳೀತು?

ಟ್ರೂಕೋದಲ್ಲಿ ಜೊತೆಗಾರರು ಮುಖಸನ್ನೆಯಿಂದ ತಮ್ಮ ಇಸ್ಪೀಟೆಲೆ ತಿಳಿಸಬಹುದು, ಆದರೆ ಸನ್ನೆ ಸುಳ್ಳಾಗಿರಬಾರದು ಎಂಬುದು ನಮ್ಮೂರಿನ ಕಟ್ಟುಪಾಡು. ಕೆಳತುಟಿ ಕಚ್ಚಿದರೆ ಈ ಆಟದ ದೊಡ್ಡ ಎಲೆಗಳಲ್ಲೊಂದಾದ ಮೂರು, ಮುತ್ತಿಡುವಂತೆ ತುಟಿ ಚಾಚಿದರೆ ಎರಡು, ಬಾಯಿ ಸೊಟ್ಟ ಮಾಡಿದರೆ ಏಳು. ಈಗ ನನ್ನ ಅವಸ್ಥೆ ಕೇಳಿ. ಗಂಟಲಿನ ಕ್ಯಾನ್ಸರಿಗೆ ರೊಸಾರಿಯೋ ನಗರದ ಆಸ್ಪತ್ರೆಯಲ್ಲಿ ವಿಕಿರಣ ಕೊಟ್ಟರು. ಗಡ್ಡೆ ಹೋಯಿತು, ಅದರ ಜೊತೆ ಬಾಯಿಯ ಜೊಲ್ಲೂ ಹೋಯಿತು. ಒಣಗಿದ ತುಟಿ ಹಲ್ಲಿಗೆ ಅಂಟಿಕೊಂಡರೆ ನಿಮ್ಮ ಲೆಕ್ಕದಲ್ಲಿ ಮೂರು. ಬಿಡಿಸಿಕೊಳ್ಳಲು ಚಾಚಿದರೆ ಎರಡು. ನೀರು ನುಂಗುವಾಗ ನೋವಿಗೆ ಮುಖ ಸೊಟ್ಟಗಾದರೆ ಏಳು. ಎಕ್ಕ ಬಂದರಂತೂ ನಾನು ಕೆಟ್ಟೆ: ಅದಕ್ಕೆ ಬಾಯಿ ತೆರೆದು ತೋರಿಸಬೇಕು, ನನ್ನ ದವಡೆಯೋ ಬಿಗಿದು ಕೂತಿದೆ. ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಅರ್ಧ ಕಟ್ಟನ್ನೇ ಊರಿಗೆಲ್ಲ ಸಾರಿಬಿಟ್ಟಿರುತ್ತೇನೆ.

ಇನ್ನು ದೂರು ಕೊಟ್ಟ ಮಹಾನುಭಾವರು, ಎದುರಾಳಿ, ಮಾಂಸದಂಗಡಿಯ ಬಾಸಿಲಿಯೋ. ನನ್ನ ಮುಖ ನೋಡಬೇಕಾದವಳು ಅಕ್ಕ. ಇವರು ಕದ್ದು ನೋಡಿದರು, ನಂಬಿದರು, ಒಳ್ಳೆಯ ಎಲೆಯಿದ್ದೂ ಹೆದರಿ ಆಟ ಕೈಬಿಟ್ಟರು. ಕದ್ದ ಮಾಲು ನಕಲಿಯೆಂದು ಪೊಲೀಸ್ ಠಾಣೆಗೆ ಹೋಗುವ ಕಳ್ಳನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ತುಟಿ ಕಚ್ಚಿದ್ಲು ಸಾರ್, ನನ್ನ ಕಣ್ಣಾರೆ ನೋಡ್ದೆ! ಕೈಯಲ್ಲಿ ನೋಡಿದ್ರೆ ಬರೀ ನಾಲ್ಕು, ಎಲ್ಲಕ್ಕಿಂತ ಸಣ್ಣ ಎಲೆ! ಕಳ್ಳಿ!" ಎಂದು ನಿಮ್ಮೆದುರೇ ಕೂಗಾಡಿದರು.

"ನನ್ನ ತಂಗಿ ತುಟಿ ಕಾಯೋ ಕೆಲಸ ನಿನಗೆ ಯಾರಯ್ಯಾ ಕೊಟ್ಟಿದ್ದು?" ಅಂದಳು ಅಕ್ಕ. ನಗು ತಡೆಯಲಾಗಲಿಲ್ಲ. ಒಣಬಾಯಲ್ಲಿ ನಕ್ಕರೆ ತುಟಿ ಸೀಳುತ್ತದೆ, ಆದರೂ ನಕ್ಕೆ. ಅದು ಯಾವ ಎಲೆಯ ಸನ್ನೆಯೆಂದು ನೀವು ಗುಮಾಸ್ತರನ್ನು ಕೇಳಿದಿರಿ!

ಹೊರಹಾಕಿದ್ದಕ್ಕಿಂತ ಆಮೇಲಿನ ನಿಮ್ಮ ಸೌಜನ್ಯಕ್ಕೆ ನನ್ನ ಮೈ ಉರಿಯುತ್ತಿದೆ. "ಹೋಗ್ಲಿ ಬಿಡಿ ಅಮ್ಮಾ, ಪಾಪ, ನಿಮ್ಮ ಆರೋಗ್ಯ ಅಂಥದ್ದು. ಫೈನಲ್ ದಿನ ಮುಂದಿನ ಸಾಲಲ್ಲಿ ಗೌರವ ಅತಿಥಿಯಾಗಿ ಕೂತ್ಕೊಳ್ಳಿ" ಅಂದಿರಿ. ಕೂತು ಏನು ಮಾಡಲಿ? ಅಲ್ಲಿ ಬಡಿಸುವ, ಕೆಂಡದ ಮೇಲೆ ಸುಟ್ಟ ಮಾಂಸ ಗಂಟಲಲ್ಲಿ ಇಳಿಯುವುದಿಲ್ಲ, ಇಳಿದರೂ ರಟ್ಟು ತಿಂದ ಹಾಗೆ. ಎಲ್ಲರೂ ಸರದಿಯಲ್ಲಿ ಹೀರುವ ಮಾಟೆ ಚಹಾದ ಸೋರೆಬುರುಡೆ ಸುತ್ತು ಬರುವಾಗ ನನ್ನನ್ನು ದಾಟಿ ಪಕ್ಕದವರ ಕೈಗೆ ಹೋಗುತ್ತದೆ, ಬಿಸಿಗೆ ನನ್ನ ಗಂಟಲು ಉರಿದೀತೆಂದು. ಎಲ್ಲರೂ ನನ್ನೊಡನೆ ಪಿಸುದನಿಯಲ್ಲೇ ಮಾತಾಡುತ್ತಾರೆ. ಕಾಯಿಲೆ ಬಂದ ಮೇಲೆ ನನ್ನ ಮೇಲೆ ಗಂಟಲು ಹರಿದುಕೊಂಡು ಕೂಗಾಡಿದ ಮೊದಲ ಮನುಷ್ಯ ಬಾಸಿಲಿಯೋ. ಎಷ್ಟು ಹಿತವಾಯಿತು ಗೊತ್ತೇ? ಆ ಇಸ್ಪೀಟಿನ ಮೇಜು ಬಿಟ್ಟರೆ ನನಗೆ ಅಂಥ ಜಾಗ ಬೇರೆ ಉಳಿದಿಲ್ಲ.

ಆದ್ದರಿಂದ ಭಾನುವಾರದ ಫೈನಲಿನಲ್ಲಿ ನಮ್ಮಿಬ್ಬರನ್ನು ಆಡಲು ಬಿಡಿ, ಪಕ್ಕದಲ್ಲೊಂದು ಹೂಜಿ ನೀರಿಡಿಸಿ. ಆಗುವುದಿಲ್ಲವೆಂದರೆ ಆಟ ನಡೆಯುವ ಕ್ಲಬ್ಬಿನ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿ: ಡೆಲ್ಮಿರಾ ಮೋಸಗಾತಿ. ನಾಲ್ಕು ಜನರೆದುರು ನಿಂತು ಒಪ್ಪಿಕೊಳ್ಳುತ್ತೇನೆ. ಪಾಪ ಎಂದು ಮಾತ್ರ ಬರೆಸಬೇಡಿ.

ಇಂತಿ,
ನಾಲಗೆಯ ರುಚಿ ಹೋದರೂ ಹಟ ಹೋಗದ
ಡೆಲ್ಮಿರಾ ಕಪೊವಿಲ್ಲಾ