ಪುರಿಭಟ್ಟಿಯ ಮರಳು

ಮುಳಬಾಗಿಲು
೨೧-೨-೧೯೮೫, ಗುರುವಾರ

ನನ್ನ ಮುದ್ದಿನ ತಮ್ಮ ಕದಿರೇಶಾ,

ತೂತುಕುಡಿಯ ಉಪ್ಪುಗಾಳಿಗೆ ನಿನ್ನ ಕೆಮ್ಮು ಹೇಗಿದೆ? ದೋಣಿಯಲ್ಲಿ ಹೋಗುವ ದಿನ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀಯೋ, ಅಥವಾ ಕಡಲ ಜೀವಿಗಳ ಸಂಶೋಧನೆ ಮಾಡುವವನಿಗೆ ತನ್ನ ಜೀವದ ನೆನಪೇ ಇರುವುದಿಲ್ಲವೋ? ಅಮ್ಮನ ಮಂಡಿನೋವು ಹಾಗೇ ಇದೆ. ನನ್ನದು ಕಾಲೇಜು, ಮನೆ, ಸಂಜೆ ಒಂದೆರಡು ಪುಟ ಕವಿತೆ.

ಇನ್ನು ನಿನ್ನ ಸಮುದ್ರದ ವಿಷಯ. ಸಂಕ್ರಾಂತಿಗೆ ಬಂದವನು ನಡುಮನೆಯಲ್ಲಿ ಗಾಜಿನ ತೊಟ್ಟಿ ಜೋಡಿಸಿ, ಕ್ಯಾನುಗಳಲ್ಲಿ ತಂದ ಕಡಲನೀರು ಸುರಿದು, ಹವಳದ ಎರಡು ತುಂಡು, ಬೆರಳು ಬೆರಳಾಗಿ ಆಡುವ ಆ ಕಡಲಹೂವು, ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟು ಹೋದೆಯಲ್ಲ. ಮೊದಲ ದಿನ ಅಮ್ಮ "ಮಡಿ ಮನೇಲಿ ಮೀನಾ? ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೂ ಸೇರ್ಸಿ ಆಚೆಗೆ ಹಾಕ್ತಿದ್ರು" ಎಂದದ್ದು ನಿನಗೇ ಗೊತ್ತು. ನೀನು ಬಸ್ಸು ಹತ್ತಿದ ವಾರಕ್ಕೆ ಅದರ ಮುಂದೆ ಮಣೆ ಹಾಕಿಕೊಂಡಳು. ಅಪ್ಪ ಹೋದ ಈ ಒಂದೂವರೆ ವರ್ಷದಲ್ಲಿ ಅವಳು ಯಾವುದನ್ನೂ ಅಷ್ಟು ಆಸೆಯಿಂದ ನೋಡಿರಲಿಲ್ಲ. ಕೈಯಲ್ಲಿ ಜಪಸರ, ಬಾಯಲ್ಲಿ ಮೀನಿಗೆ "ಲೇ, ಅವಳನ್ನ ಯಾಕೋ ಅಟ್ಟಿಸ್ಕೊಂಡ್ ಹೋಗ್ತೀಯಾ!" ಆ ತೊಟ್ಟಿ ಉಳಿಯಲಿ ಎಂದು ನಾನು ಬೇಡಿಕೊಂಡದ್ದು ಈ ಮಾತು ಕೇಳುವುದಕ್ಕಾಗಿ.

ತಳಕ್ಕೆ ಎರಡಂಗುಲ ಮರಳು ಹರಡಿ ಎಂದವನು ಯಾವ ಮರಳು ಎಂದು ಹೇಳಲಿಲ್ಲ. ಬರೆದು ಕೇಳಿದರೆ, ನೀನು ದೋಣಿಯಲ್ಲಿದ್ದೀಯ, ಬರುವುದು ತಡ ಎಂದು ನಿಮ್ಮ ಕಚೇರಿಯವರ ಉತ್ತರ ಬಂತು. ಗಾರೆ ಕೆಲಸಕ್ಕೆ ಬಳಸುವ ಪಾಲಾರಿನ ಮರಳು ತರಿಸಿದೆ, ತೊಳೆದಷ್ಟೂ ಕೆಮ್ಮಣ್ಣು. ನಂಗಲಿ ಕೆರೆಯದರಲ್ಲಿ ಎಮ್ಮೆಯ ವಾಸನೆ. ಕಲ್ಲು ಒಡೆಯುವವರ ಪುಡಿ ಮೀನಿನ ಹೊಟ್ಟೆಗೆ ಚುಚ್ಚೀತು ಎನಿಸಿತು. ಆಗ ನನಗೆ ಬೀದಿ ಕೊನೆಯ ಪುರಿಭಟ್ಟಿ ಕಾಣಿಸಿತು. ಅಲ್ಲಿ ಪುರಿ ಹುರಿಯುವ ದೊಡ್ಡಮುನಿಯಮ್ಮನ ಬಾಣಲೆಯಲ್ಲಿ ದಿನವೂ ಕೆಂಪಗೆ ಕಾಯುವ ಮರಳು. ಜರಡಿಯಾಡಿ ನುಣ್ಣಗಾಗಿದೆ, ಒಂದು ಹುಳವೂ ಉಳಿದಿರಲಾರದು. ಅದೇ ಸರಿ ಎಂದೆ. ಅಮ್ಮ "ಬೆಂಕೀಲಿ ಬೆಂದಿದ್ದಕ್ಕೆ ಮೈಲಿಗೆ ಎಲ್ಲೀದು, ತಗೊಂಡ್ಬಾರೇ" ಎಂದಳು. ದೊಡ್ಡಮುನಿಯಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ಮೀನ್‌ಗಾ ಅಮ್ಮಣ್ಣೀ? ಹುರಿಯಾಕಾ, ಸಾಕಾಕಾ?" ಎಂದು ನಗುತ್ತಲೇ ಬಕೆಟ್ ತುಂಬಿಸಿದಳು.

ಅಮ್ಮ ಅದನ್ನು ರಾಗಿ ಗಾಲಿಸುವ ಹಾಗೆ ಏಳು ನೀರಲ್ಲಿ ಗಾಲಿಸಿ, ಮಡಿಯನ್ನೂ ಮರೆತು ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಹಿಡಿ ಹಿಡಿಯಾಗಿ ಹರಡಿದಳು. ಮೂರನೆಯ ದಿನ ನೀರಿನ ಮೇಲೆ ಎಣ್ಣೆಯ ಪದರ. ಅದೆಷ್ಟು ವರ್ಷ ಹುರಿದ ಕಡಲೆಕಾಯಿಯದೋ, ಅರಿಶಿನದ್ದೋ, ಮರಳಿಗೆ ಅಂಟಿಕೊಂಡೇ ಇತ್ತು. ಕಡಲಹೂವು ಮುದುಡಿ ಕಪ್ಪಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು.

ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಒಂದು ಹಳೆಯ ಪುಸ್ತಕ ತೆಗೆದು ಓದಿದೆ. ಹವಳದ ತೊಟ್ಟಿಗೆ ಬೇಕಾದದ್ದು ಚಿಪ್ಪು, ಹವಳ ಸವೆದು ಆದ ಮರಳಂತೆ. ಅದರೊಳಗೆ ಕಣ್ಣಿಗೆ ಕಾಣದ ಜೀವಗಳಿದ್ದು ನೀರಿನ ಕೊಳೆ ತಿನ್ನುತ್ತವಂತೆ. ನಾನು ಒಂದು ಜೀವವೂ ಇಲ್ಲದ ಮರಳನ್ನು ಹುಡುಕಿ ಹುಡುಕಿ ತಂದಿದ್ದೆ.

ದೊಡ್ಡ ಮೀನು ನಿನ್ನೆ ಬೆಳಿಗ್ಗೆ ಸತ್ತಿತು. ಚಿಕ್ಕದನ್ನು ನೀನು ಬಿಟ್ಟುಹೋದ ಕೊನೆಯ ಕ್ಯಾನಿನ ನೀರಿಗೆ ಹಾಕಿ ಗಾಳಿಯ ಪೈಪು ಇಳಿಬಿಟ್ಟಿದ್ದೇನೆ. ಕರೆಂಟು ಹೋದಾಗಲೆಲ್ಲ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತೇನೆ. ಸಮುದ್ರ ಮುಳಬಾಗಿಲಿಗೆ ಎಷ್ಟು ದೂರ ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಬೇಕಾದ ಮರಳನ್ನೂ ಎರಡು ಕ್ಯಾನು ನೀರನ್ನೂ ಯಾರ ಕೈಯಲ್ಲಾದರೂ ಬೆಂಗಳೂರಿನ ತನಕ ಕಳಿಸು, ನಾನು ಹೋಗಿ ತರುತ್ತೇನೆ. ಅಲ್ಲಿಯವರೆಗೆ ಏನು ಮಾಡಲಿ ಎಂದು ನಿಜಕ್ಕೂ ತಿಳಿಯುತ್ತಿಲ್ಲ.

ಹಿಪ್ಪಲಿ ಕಷಾಯ ಬಿಡಬೇಡ. ನೀರಿನಲ್ಲಿದ್ದರೂ ದಡದಲ್ಲಿದ್ದರೂ ಕ್ಷೇಮವಾಗಿರು.

ನಿನ್ನ ಅಕ್ಕ,
ಶ್ಯಾಮಲಾ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆ ತೆಗೆಯುವ ಹೊತ್ತಾಯಿತು. ಮೀನು ಸತ್ತದ್ದು ಮರಳಿನಿಂದ ಎಂದರೆ ಅಮ್ಮ ನಂಬುತ್ತಿಲ್ಲ. "ಗಂಡ ಸತ್ತೋಳು ಕೈ ಇಟ್ಟೆ, ಇನ್ನೇನಾಗತ್ತೆ" ಎನ್ನುತ್ತಾಳೆ. ನಿನ್ನೆಯಿಂದ ತುಳಸಿಗೆ ನೀರು ಹಾಕಿಲ್ಲ, ಒಲೆಯ ಮೇಲಿನ ಹಾಲನ್ನೂ ನನಗೇ ಇಳಿಸಲು ಹೇಳುತ್ತಾಳೆ. ಆ ಮರಳು ಆರಿಸಿದವಳು ನಾನಮ್ಮ ಎಂದರೆ, "ಸಮಾಧಾನಕ್ಕೆ ಹೇಳ್ತೀಯಾ ಕಣೇ, ಸುಮ್ನಿರು" ಅಂತಾಳೆ. ನೀನು ಅವಳ ಹೆಸರಿಗೇ ಒಂದು ಕಾಗದ ಬರೆ. ತಪ್ಪು ಮರಳಿನದು, ಮರಳು ಶ್ಯಾಮಲಾ ಆರಿಸಿದ್ದು, ಅಷ್ಟನ್ನೇ ದೊಡ್ಡ ಅಕ್ಷರದಲ್ಲಿ ಬರೆದು, ಕಚೇರಿಯ ಮೊಹರು ಹಾಕಿಸಿ ಇವತ್ತೇ ಕಳಿಸು. ಮರಳು ಆಮೇಲೆ ಕಳಿಸಿದರಾಯಿತು.